ಡಯಲ್ ಗೇಜಿನ ಒಳರಚನೆ ಮತ್ತು ಅದನ್ನು ಸರಿಯಾಗಿ ಬಳಸುವ ಕ್ರಮ

ಲೇತಿನ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರದ) ಪಕ್ಕ ಮ್ಯಾಗ್ನೆಟಿಕ್ ಸ್ಟ್ಯಾಂಡಿಗೆ ಸಿಕ್ಕಿಸಿದ ಡಯಲ್ ಗೇಜನ್ನು ಹೊಸದಾಗಿ ಕೆಲಸಕ್ಕೆ ಸೇರಿದವರು ಸಾಮಾನ್ಯವಾಗಿ ವರ್ನಿಯರ್ ಕ್ಯಾಲಿಪರ್, ಮೈಕ್ರೋಮೀಟರುಗಳ ಸಾಲಿಗೆ ಸೇರಿಸಿಬಿಡುತ್ತಾರೆ. ಮೈಕ್ರೋಮೀಟರಿನ ನಡುವೆ ಸರಳನ್ನು ಹಿಡಿದರೆ ಅದರ ವ್ಯಾಸ ಇಷ್ಟೆಂದು ಓದಬಹುದು. ಡಯಲ್ ಗೇಜಿಗೆ ಆ ವ್ಯಾಸ ಗೊತ್ತೇ ಇರುವುದಿಲ್ಲ. ತನ್ನ ಪ್ಲಂಜರ್, ಅಂದರೆ ಕೆಳಗೆ ಚಾಚಿಕೊಂಡು ವಸ್ತುವನ್ನು ಮುಟ್ಟುವ ಕಡ್ಡಿ, ಮೊದಲಿದ್ದ ಜಾಗದಿಂದ ಈಗಿರುವ ಜಾಗಕ್ಕೆ ಎಷ್ಟು ಸರಿದಿದೆ ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ಹೀಗಾಗಿ ಅದು ತೋರಿಸುವ ಸಂಖ್ಯೆಗೆ ಬೆಲೆ ಬರುವುದು ಎರಡು ಸಂಗತಿಗಳಿಂದ: ಸೊನ್ನೆಯನ್ನು ಯಾವುದರ ಮೇಲೆ ಇಟ್ಟೆವು ಎಂಬುದು ಒಂದು, ಗೇಜನ್ನು ಹಿಡಿದು ನಿಲ್ಲಿಸಿದ ಕಂಬ ಎಷ್ಟು ಅಲುಗದೆ ನಿಂತಿದೆ ಎಂಬುದು ಇನ್ನೊಂದು. ಟೂಲ್ ರೂಮಿನಲ್ಲಿ ನಾನು ಕಂಡ ತಪ್ಪು ಅಳತೆಗಳಲ್ಲಿ ಹೆಚ್ಚಿನವು ಗೇಜಿನೊಳಗೆ ಹುಟ್ಟಿದವಲ್ಲ, ಈ ಎರಡು ಸಂಗತಿಗಳನ್ನು ಅಲಕ್ಷಿಸಿದ್ದರಿಂದ ಹುಟ್ಟಿದವು. ಈ ಲೇಖನದಲ್ಲಿ ನಮ್ಮ ಕಾರ್ಖಾನೆಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ, 0.01 ಮಿ.ಮೀ. ಗೆರೆಯ, 10 ಮಿ.ಮೀ. ಓಟದ ಪ್ಲಂಜರ್ ಮಾದರಿಯ ಗೇಜನ್ನೇ ಮುಖ್ಯವಾಗಿ ಇಟ್ಟುಕೊಂಡಿದ್ದೇನೆ.

ಒಳಗೆ ನಡೆಯುವುದೇನು

ಹಿಂಬದಿಯ ಮುಚ್ಚಳ ತೆಗೆದು ನೋಡಿದರೆ ಕಾಣುವುದು ಒಂದು ಗಡಿಯಾರ. ಪ್ಲಂಜರಿನ ಒಂದು ಬದಿಯಲ್ಲಿ ರ‍್ಯಾಕ್ ಕೊರೆದಿರುತ್ತದೆ, ಅಂದರೆ ನೇರ ಸಾಲಿನ ಹಲ್ಲುಗಳು. ಸಾಮಾನ್ಯ ವಿನ್ಯಾಸವೊಂದರಲ್ಲಿ ಈ ಹಲ್ಲುಗಳ ನಡುವಿನ ಅಂತರ 0.625 ಮಿ.ಮೀ.; ಅದಕ್ಕೆ ಕೂಡಿಕೊಂಡ ಪಿನಿಯನ್ನಿಗೆ, ಅಂದರೆ ಪುಟ್ಟ ಗೇರಿಗೆ, 16 ಹಲ್ಲುಗಳು. ಹದಿನಾರನ್ನು 0.625ರಿಂದ ಗುಣಿಸಿದರೆ ಸರಿಯಾಗಿ 10 ಬರುತ್ತದೆ. ಅಂದರೆ ಪ್ಲಂಜರ್ 10 ಮಿ.ಮೀ. ಏರಿದಾಗ ಆ ಪಿನಿಯನ್ ಒಂದು ಪೂರ್ತಿ ಸುತ್ತು ತಿರುಗುತ್ತದೆ. ಅದೇ ದಂಡದ ಮೇಲೆ 100 ಹಲ್ಲಿನ ದೊಡ್ಡ ಗೇರು ಕುಳಿತಿದ್ದು, ಅದು ನಡುವಿನ 10 ಹಲ್ಲಿನ ಪುಟ್ಟ ಪಿನಿಯನ್ನನ್ನು ಹತ್ತು ಪಟ್ಟು ವೇಗವಾಗಿ ತಿರುಗಿಸುತ್ತದೆ. ದೊಡ್ಡ ಮುಳ್ಳು ಇರುವುದು ಈ ನಡುವಿನ ದಂಡದ ತುದಿಯಲ್ಲಿ. ಆದ್ದರಿಂದ ಪ್ಲಂಜರ್ 1 ಮಿ.ಮೀ. ಸರಿದರೆ ಮುಳ್ಳು ಒಂದು ಸುತ್ತು ಬರುತ್ತದೆ, ಮತ್ತು ಆ ಸುತ್ತನ್ನು ನೂರು ಗೆರೆಗಳಾಗಿ ಹಂಚಿರುವುದರಿಂದ ಒಂದು ಗೆರೆ 0.01 ಮಿ.ಮೀ. ಆಗುತ್ತದೆ. ಮುಳ್ಳಿನ ಉದ್ದ 24 ಮಿ.ಮೀ. ಎಂದುಕೊಂಡರೆ ಅದರ ತುದಿ ಒಂದು ಸುತ್ತಿನಲ್ಲಿ ಸುಮಾರು 150 ಮಿ.ಮೀ. ದಾರಿ ನಡೆಯುತ್ತದೆ. ಕಣ್ಣಿಗೆ ಕಾಣದ ಹತ್ತು ಮೈಕ್ರಾನಿನ, ಅಂದರೆ 0.01 ಮಿ.ಮೀ. ಚಲನೆ ಹೀಗೆ ಒಂದೂವರೆ ಮಿ.ಮೀ. ಅಂತರವಾಗಿ ನಮ್ಮೆದುರು ಬರುತ್ತದೆ. ವಿದ್ಯುತ್ತಿಲ್ಲ, ಬ್ಯಾಟರಿಯಿಲ್ಲ; ಹಲ್ಲುಗಳ ಎಣಿಕೆಯೊಂದರಿಂದಲೇ ನೂರೈವತ್ತು ಪಟ್ಟು ಹಿಗ್ಗುವಿಕೆ.

ಇಷ್ಟೇ ಇದ್ದಿದ್ದರೆ ಗೇಜು ಕೆಲಸಕ್ಕೆ ಬರುತ್ತಿರಲಿಲ್ಲ. ಯಾವ ಎರಡು ಗೇರುಗಳ ಹಲ್ಲುಗಳ ನಡುವೆಯೂ ಸ್ವಲ್ಪ ಸಡಿಲ ಇದ್ದೇ ಇರುತ್ತದೆ. ಪ್ಲಂಜರ್ ದಿಕ್ಕು ಬದಲಿಸಿದಾಗಲೆಲ್ಲ ಆ ಸಡಿಲ ಮುಗಿಯುವವರೆಗೆ ಮುಳ್ಳು ಸುಮ್ಮನೆ ನಿಲ್ಲುತ್ತಿತ್ತು. ಇದನ್ನು ತಪ್ಪಿಸಲು ನಡುವಿನ ಪಿನಿಯನ್ನಿಗೆ ಇನ್ನೊಂದು ಬದಿಯಿಂದ ಮತ್ತೊಂದು ಗೇರನ್ನು ಕೂಡಿಸಿ, ಅದಕ್ಕೆ ಕೂದಲೆಳೆಯಷ್ಟು ತೆಳ್ಳಗಿನ ಸುರುಳಿ ಸ್ಪ್ರಿಂಗ್ ಕಟ್ಟಿರುತ್ತಾರೆ. ಈ ಹೇರ್‌ಸ್ಪ್ರಿಂಗ್ ಇಡೀ ಗೇರು ಸಾಲನ್ನು ಸದಾ ಒಂದೇ ಕಡೆಗೆ ಒತ್ತಿ ಹಿಡಿಯುವುದರಿಂದ ಪ್ಲಂಜರ್ ಏರಲಿ ಇಳಿಯಲಿ, ಹಲ್ಲಿನ ಒಂದೇ ಮುಖ ತಗಲಿಕೊಂಡಿರುತ್ತದೆ. ಪ್ಲಂಜರನ್ನು ಕೆಳಕ್ಕೆ ತಳ್ಳಿ ಜಾಬಿನ (ಅಳೆಯುತ್ತಿರುವ ವಸ್ತುವಿನ) ಮೇಲೆ ಒತ್ತಿಡುವ ಸ್ಪ್ರಿಂಗ್ ಬೇರೆಯೇ ಇದೆ. ಅದರ ಒತ್ತಡ ಈ ಗಾತ್ರದ ಗೇಜಿನಲ್ಲಿ ಸಾಮಾನ್ಯವಾಗಿ 1.5 ನ್ಯೂಟನ್ ಮೀರುವುದಿಲ್ಲ. ಒಳ್ಳೆಯ ಗೇಜುಗಳಲ್ಲಿ ದಂಡಗಳ ತುದಿಗಳು ಕೈಗಡಿಯಾರದಲ್ಲಿರುವಂತೆಯೇ ಹರಳಿನ ಬೇರಿಂಗ್‌ಗಳಲ್ಲಿ ತಿರುಗುತ್ತವೆ. ಈ ನಂಟು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ: 1883ರಲ್ಲಿ ಇಂಥ ಗೇಜಿಗೆ ಪೇಟೆಂಟ್ ಅರ್ಜಿ ಹಾಕಿದ ಜಾನ್ ಲೋಗನ್ ಇದ್ದದ್ದು ಅಮೆರಿಕದ ವಾಲ್ಥಮ್ ಪಟ್ಟಣದಲ್ಲಿ, ಮತ್ತು ಆ ಪಟ್ಟಣ ಹೆಸರಾಗಿದ್ದದ್ದು ಗಡಿಯಾರಗಳ ಕಾರ್ಖಾನೆಗೆ. ನಮ್ಮ ಬೆಂಗಳೂರಿನಲ್ಲಿಯೂ 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿ ಮೊದಲು ಲೇತುಗಳನ್ನು ತಯಾರಿಸಿ, 1961ರಲ್ಲಿ ಕೈಗಡಿಯಾರಕ್ಕೆ ಕೈಹಾಕಿದ್ದನ್ನು ನೆನೆದರೆ ಈ ಎರಡು ವಿದ್ಯೆಗಳು ಎಷ್ಟು ಹತ್ತಿರದವು ಎಂಬುದು ತಿಳಿಯುತ್ತದೆ.

ಕೂರಿಸುವ ಕ್ರಮ

ಮೊದಲು ಸ್ಟ್ಯಾಂಡು. ಅಯಸ್ಕಾಂತದ ಬುಡವನ್ನೂ ಅದು ಕೂರುವ ಜಾಗವನ್ನೂ ಬಟ್ಟೆಯಿಂದ ಒರೆಸಬೇಕು. ನಡುವೆ ಸಿಕ್ಕಿದ ಒಂದು ಚೂರು ಸಾಕು, ಸ್ಟ್ಯಾಂಡು ಕಣ್ಣಿಗೆ ಗಟ್ಟಿಯಾಗಿ ಕಂಡರೂ ತೊಟ್ಟಿಲಿನಂತೆ ತೂಗುತ್ತಿರುತ್ತದೆ. ಕಂಬದಿಂದ ಗೇಜಿನವರೆಗಿನ ತೋಳನ್ನು ಎಷ್ಟು ಮೋಟಾಗಿಸಲು ಸಾಧ್ಯವೋ ಅಷ್ಟು ಮೋಟಾಗಿಡಬೇಕು. ದೂರ ಚಾಚಿದ ತೋಳು ತನ್ನ ಭಾರಕ್ಕೇ ಬಾಗುತ್ತದೆ, ಪ್ಲಂಜರಿನ ಒತ್ತಡ ಬದಲಾದಂತೆ ಆ ಬಾಗುವಿಕೆಯೂ ಬದಲಾಗುತ್ತದೆ.

ಗೇಜನ್ನು ಹಿಡಿಯುವುದು ಅದರ ಕೆಳಗಿನ 8 ಮಿ.ಮೀ. ವ್ಯಾಸದ ಕುತ್ತಿಗೆಯಲ್ಲಿ ಅಥವಾ ಬೆನ್ನಿನ ಕಿವಿಯಲ್ಲಿ. ಕುತ್ತಿಗೆಯನ್ನು ತಿರುಪಿನಿಂದ ವಿಪರೀತ ಬಿಗಿದರೆ ಆ ತೆಳು ಕೊಳವೆ ಅಮುಕಿ ಪ್ಲಂಜರ್ ಒಳಗೆ ಅಂಟತೊಡಗುತ್ತದೆ. ಬಿಗಿದ ಕೂಡಲೇ ಪ್ಲಂಜರನ್ನು ಬೆರಳಿನಿಂದ ಎತ್ತಿ ಬಿಟ್ಟು, ಅದು ತಡೆಯಿಲ್ಲದೆ ಇಳಿಯುತ್ತದೆಯೇ ಎಂದು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಆಮೇಲೆ ಕೋನ. ಪ್ಲಂಜರ್ ನಾವು ಅಳೆಯಬೇಕಾದ ಚಲನೆಯ ದಿಕ್ಕಿನಲ್ಲೇ ಇರಬೇಕು, ಅಂದರೆ ಮೇಲ್ಮೈಗೆ ಲಂಬವಾಗಿರಬೇಕು. ಹತ್ತು ಡಿಗ್ರಿ ವಾಲಿದರೆ ಓದಿಕೆ ನಿಜಕ್ಕಿಂತ ಸುಮಾರು ಶೇಕಡಾ ಒಂದೂವರೆಯಷ್ಟು ಹೆಚ್ಚಾಗುತ್ತದೆ. ಎರಡು ಮೂರು ಗೆರೆಗಳ ವ್ಯತ್ಯಾಸ ನೋಡುವಾಗ ಇದು ಗಣನೆಗೆ ಬರುವುದಿಲ್ಲ, ಐದು ಮಿಲಿಮೀಟರಿನ ಓಟ ಅಳೆಯುವಾಗ ಏಳು ಗೆರೆಗಿಂತ ಹೆಚ್ಚು ತಪ್ಪುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ವಾಲಿದ ಪ್ಲಂಜರಿಗೆ ಬೀಳುವ ಅಡ್ಡ ಒತ್ತಡ. ಅದು ಪ್ಲಂಜರನ್ನು ತಡೆದು ತಡೆದು ಚಲಿಸುವಂತೆ ಮಾಡುತ್ತದೆ.

ಮೂರನೆಯದಾಗಿ ಮುನ್ನೊತ್ತಡ. ಪ್ಲಂಜರ್ ಜಾಬನ್ನು ತಗಲಿದ ಮೇಲೆ ಗೇಜನ್ನು ಇನ್ನಷ್ಟು ಇಳಿಸಿ, ಮುಳ್ಳು ಕಡಿಮೆಯೆಂದರೆ ಕಾಲು ಸುತ್ತು, ಸಾಧ್ಯವಾದರೆ ಅರ್ಧದಿಂದ ಒಂದು ಸುತ್ತು ತಿರುಗುವಂತೆ ಮಾಡಬೇಕು. ಹೀಗೆ ಮಾಡದಿದ್ದರೆ ಜಾಬಿನಲ್ಲಿ ತಗ್ಗು ಬಂದಾಗ ಪ್ಲಂಜರ್ ತನ್ನ ಕೆಳಗಿನ ತುದಿಗೆ ಬಂದು ನಿಂತುಬಿಡುತ್ತದೆ. ಮುಳ್ಳು ಅಲುಗದಿರುವುದನ್ನು ಕಂಡು ನಾವು ಮೇಲ್ಮೈ ಸಮವಾಗಿದೆ ಎಂದು ನಂಬುತ್ತೇವೆ. ಎಷ್ಟು ಸುತ್ತು ಒತ್ತಿದ್ದೇವೆ ಎಂಬುದನ್ನು ಡಯಲಿನೊಳಗಿನ ಚಿಕ್ಕ ಮುಳ್ಳು ಎಣಿಸಿ ತೋರಿಸುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಇದಾದ ನಂತರವಷ್ಟೇ ಹೊರಬಳೆಯನ್ನು ತಿರುಗಿಸಿ ಸೊನ್ನೆಯನ್ನು ದೊಡ್ಡ ಮುಳ್ಳಿನ ಕೆಳಗೆ ತಂದು, ಬಳೆಯ ಪುಟ್ಟ ತಿರುಪನ್ನು ಬಿಗಿಯಬೇಕು.

ಈಗ ಒಂದು ಪರೀಕ್ಷೆ; ಇದನ್ನು ಬಿಟ್ಟು ಯಾರೂ ಅಳತೆ ಆರಂಭಿಸಬಾರದೆಂದು ನನ್ನ ಕಳಕಳಿಯ ವಿನಂತಿ. ಪ್ಲಂಜರನ್ನು ಐದು ಸಲ ಎತ್ತಿ ಮೆಲ್ಲಗೆ ಇಳಿಸಿ. ಮುಳ್ಳು ಪ್ರತಿ ಸಲವೂ ಸೊನ್ನೆಯ ಗೆರೆಗೇ ಮರಳಬೇಕು. ಗೆರೆಯ ಮೂರನೇ ಒಂದು ಭಾಗದಷ್ಟು ಆಚೀಚೆಯಾದರೆ ಒಪ್ಪಬಹುದು. ಬಳಿಕ ಸ್ಟ್ಯಾಂಡಿನ ತೋಳನ್ನು ಕಿರುಬೆರಳಿನಿಂದ ಹಗುರವಾಗಿ ಒತ್ತಿ ಬಿಡಿ. ಒತ್ತಿದಾಗ ಮುಳ್ಳು ಸರಿಯುವುದು ಸಹಜ, ಬಿಟ್ಟಾಗ ಸೊನ್ನೆಗೆ ಮರಳದಿದ್ದರೆ ಎಲ್ಲೋ ಒಂದು ಕೀಲು ಸಡಿಲವಿದೆ ಎಂದೇ ಅರ್ಥ.

ಎತ್ತರವನ್ನು ಹೋಲಿಸಿ ಅಳೆಯುವುದು

ಗೇಜಿನ ಸ್ವಭಾವ ಸ್ಪಷ್ಟವಾಗಿ ಅರ್ಥವಾಗುವುದು ಈ ಕೆಲಸದಲ್ಲಿ. 31.45 ಮಿ.ಮೀ. ಎತ್ತರದ ಉಕ್ಕಿನ ಬ್ಲಾಕುಗಳನ್ನು ಪರೀಕ್ಷಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ಸ್ಲಿಪ್ ಗೇಜಿನ (ನಿಖರ ದಪ್ಪಕ್ಕೆ ತಯಾರಿಸಿದ ಉಕ್ಕಿನ ತುಂಡುಗಳ) ಪೆಟ್ಟಿಗೆಯಿಂದ 30 ಮಿ.ಮೀ. ಮತ್ತು 1.45 ಮಿ.ಮೀ. ತುಂಡುಗಳನ್ನು ತೆಗೆದು, ಒರೆಸಿ, ಒಂದರ ಮೇಲೊಂದನ್ನು ಜಾರಿಸಿ ಅಂಟಿಸಿ. ಸರ್ಫೇಸ್ ಪ್ಲೇಟಿನ (ನಿಖರವಾಗಿ ಸಮತಟ್ಟಾದ ಹಲಗೆಯ) ಮೇಲೆ ಆ ಜೋಡಿಯನ್ನು ಇಟ್ಟು, ಗೇಜನ್ನು ಅದರ ಮೇಲೆ ಅರ್ಧ ಸುತ್ತಿನ ಮುನ್ನೊತ್ತಡದೊಂದಿಗೆ ಇಳಿಸಿ ಸೊನ್ನೆ ಮಾಡಿ. ಪ್ಲಂಜರನ್ನು ಎತ್ತಿ ಹಿಡಿದು ಸ್ಲಿಪ್ಪುಗಳನ್ನು ಸರಿಸಿ, ಬ್ಲಾಕನ್ನು ಒಳಗಿಟ್ಟು, ಪ್ಲಂಜರನ್ನು ಮೆಲ್ಲಗೆ ಇಳಿಸಿ. ಬ್ಲಾಕನ್ನು ಪ್ಲಂಜರಿನ ಅಡಿಗೆ ಪಕ್ಕದಿಂದ ನೂಕಬೇಡಿ. ಮುಳ್ಳು ಪ್ರದಕ್ಷಿಣೆಯ ದಿಕ್ಕಿನಲ್ಲಿ ಸೊನ್ನೆ ದಾಟಿ ಮೂರನೇ ಗೆರೆಗೆ ನಿಂತರೆ ಬ್ಲಾಕಿನ ಎತ್ತರ 31.48 ಮಿ.ಮೀ.; ಸೊನ್ನೆಗಿಂತ ಎರಡು ಗೆರೆ ಹಿಂದೆಯೇ ನಿಂತರೆ 31.43. ಹತ್ತಾರು ಬ್ಲಾಕುಗಳಿದ್ದರೆ ಹೊರಬಳೆಯ ಮೇಲಿನ ಎರಡು ಗುರುತುಕಡ್ಡಿಗಳನ್ನು ಟಾಲರೆನ್ಸಿನ (ಅಳತೆಯಲ್ಲಿ ಒಪ್ಪಬಹುದಾದ ಹೆಚ್ಚುಕಡಿಮೆಯ) ಮಿತಿಗಳಿಗೆ ಸರಿಸಿಟ್ಟು, ಮುಳ್ಳು ಅವುಗಳ ನಡುವೆ ನಿಂತಿತೇ ಎಂದಷ್ಟೇ ನೋಡಬಹುದು. ಕೆಲಸ ಮುಗಿದ ಮೇಲೆ ಸ್ಲಿಪ್ಪುಗಳನ್ನು ಮತ್ತೆ ಇಟ್ಟು ಸೊನ್ನೆ ಹಾಗೆಯೇ ಇದೆಯೇ ಎಂದು ಪರೀಕ್ಷಿಸಬೇಕು. ಸೊನ್ನೆ ತಪ್ಪಿದ್ದರೆ ನಡುವಿನ ಓದಿಕೆಗಳೆಲ್ಲ ಅನುಮಾನದವು, ಅವನ್ನು ಮತ್ತೆ ತೆಗೆದುಕೊಳ್ಳುವುದೊಂದೇ ದಾರಿ.

ಸ್ಲಿಪ್ಪುಗಳ ತಂಟೆ ಯಾಕೆ, ಪ್ಲೇಟಿನ ಮೇಲೆ ಸೊನ್ನೆ ಮಾಡಿ ಒಂಬತ್ತು ಮಿಲಿಮೀಟರಿನ ಬ್ಲಾಕನ್ನು ನೇರವಾಗಿಯೇ ಅಳೆಯಬಹುದಲ್ಲ ಎಂದು ಕೇಳುವವರಿದ್ದಾರೆ. ಅಳೆಯಬಹುದು, ಆದರೆ ಚೆನ್ನಾಗಿ ತಯಾರಾದ ಗೇಜಿನಲ್ಲೂ ಪೂರ್ತಿ 10 ಮಿ.ಮೀ. ಓಟದ ಮೇಲೆ ಹದಿನೈದು ಮೈಕ್ರಾನಿನ ಆಸುಪಾಸಿನ ದೋಷಕ್ಕೆ ಅವಕಾಶವಿರುತ್ತದೆ. ಹಲ್ಲುಗಳ ಸಣ್ಣ ಸಣ್ಣ ಕೊರತೆಗಳೆಲ್ಲ ಕೂಡಿಕೊಂಡು ಅಷ್ಟಾಗುತ್ತದೆ. ಕೆಲವೇ ಗೆರೆಗಳ ಓಟದಲ್ಲಿ ಆ ದೋಷ ಬಹಳ ಕಡಿಮೆ. ಅಳತೆಯ ಹೆಚ್ಚಿನ ಭಾಗವನ್ನು ಸ್ಲಿಪ್ಪಿಗೆ ಹೊರಿಸಿ, ಉಳಿದ ಚೂರನ್ನು ಮಾತ್ರ ಗೇಜಿಗೆ ಒಪ್ಪಿಸುವುದು ಈ ಕಾರಣಕ್ಕೆ.

ಹೋಲಿಕೆಯ ಇನ್ನೊಂದು ಲಾಭ ಉಷ್ಣತೆಗೆ ಸಂಬಂಧಿಸಿದ್ದು. ಉದ್ದದ ಅಳತೆಗೆ ಅಂತರರಾಷ್ಟ್ರೀಯವಾಗಿ ಒಪ್ಪಿದ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಕಲಬುರಗಿಯ ಮೇ ತಿಂಗಳಿನಲ್ಲಿ ಶೆಡ್ಡಿನೊಳಗೆ 40 ಡಿಗ್ರಿ ಇದ್ದರೂ ಉಕ್ಕಿನ ಸ್ಲಿಪ್ಪು ಮತ್ತು ಉಕ್ಕಿನ ಜಾಬು ಒಂದೇ ಪ್ರಮಾಣದಲ್ಲಿ, ಅಂದರೆ ಮೀಟರಿಗೆ ಡಿಗ್ರಿಯೊಂದಕ್ಕೆ ಸುಮಾರು 11.5 ಮೈಕ್ರಾನಿನಂತೆ ಹಿಗ್ಗುವುದರಿಂದ ವ್ಯತ್ಯಾಸ ಸರಿಯಾಗಿಯೇ ಬರುತ್ತದೆ. ಜಾಬು ಅಲ್ಯೂಮಿನಿಯಮ್ ಆಗಿದ್ದರೆ ಈ ರಕ್ಷಣೆ ಇಲ್ಲ. ಅದು ಉಕ್ಕಿನ ಎರಡರಷ್ಟು ಹಿಗ್ಗುವುದರಿಂದ 100 ಮಿ.ಮೀ. ಎತ್ತರದ ತುಂಡು ಅದೇ 40 ಡಿಗ್ರಿಯಲ್ಲಿ ಎರಡು ಗೆರೆಗಿಂತ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಈಗಷ್ಟೇ ಲೇತಿನಿಂದ ಇಳಿಸಿದ, ಮುಟ್ಟಿದರೆ ಬೆಚ್ಚಗಿರುವ ಜಾಬನ್ನು ಸ್ಲಿಪ್ಪಿನ ಪಕ್ಕದಲ್ಲೇ ಪ್ಲೇಟಿನ ಮೇಲೆ ಇಟ್ಟು, ಎರಡೂ ಒಂದೇ ಶಾಖಕ್ಕೆ ಬರುವವರೆಗೆ ಕಾಯಬೇಕು.

ನಾಲ್ಕು ದವಡೆಯ ಚಕ್ಕಿನಲ್ಲಿ ಜಾಬನ್ನು ಟ್ರೂ ಮಾಡುವುದು

ಲೇತಿನಲ್ಲಿ ಜಾಬನ್ನು ಕಚ್ಚಿ ಹಿಡಿದು ತಿರುಗಿಸುವ ಭಾಗವೇ ಚಕ್ಕು; ಜಾಬಿನ ನಡುವನ್ನು ತಿರುಗುವ ಅಕ್ಷಕ್ಕೆ ಸರಿಯಾಗಿ ತರುವುದೇ ಟ್ರೂ ಮಾಡುವುದು. ಡಯಲ್ ಗೇಜಿನ ಅತಿ ಹೆಚ್ಚಿನ ಕೆಲಸ ಬಹುಶಃ ಇದೇ. ಮೇಲ್ಮೈ ಒರಟಾಗಿದ್ದರೆ ಮೊದಲು ಸ್ಕ್ರೈಬರಿನಿಂದ (ಗೆರೆ ಎಳೆಯುವ ಚೂಪು ಕಡ್ಡಿಯಿಂದ) ಕಣ್ಣಂದಾಜಿಗೆ ತಂದುಕೊಳ್ಳಿ. ಕಪ್ಪು ಪೊರೆ ಮತ್ತು ಗುಳಿಗಳ ಮೇಲೆ ಗೇಜು ಓಡಿಸಿದರೆ ಮುಳ್ಳು ಹಾರಾಡುತ್ತದೆ, ತುದಿ ಸವೆಯುತ್ತದೆ. ಬಳಿಕ ಸ್ಟ್ಯಾಂಡನ್ನು ಕ್ರಾಸ್ ಸ್ಲೈಡಿನ (ಲೇತಿನ ಅಡ್ಡಕ್ಕೆ ಸರಿಯುವ ಭಾಗದ) ಮೇಲೆ ಕೂರಿಸಿ, ಪ್ಲಂಜರ್ ಸ್ಪಿಂಡಲಿನ ಅಕ್ಷದ ಎತ್ತರದಲ್ಲಿ, ಅಕ್ಷಕ್ಕೆ ನೇರವಾಗಿ ಗುರಿಯಿಟ್ಟಂತೆ ಹೊಂದಿಸಿ. ಲೇತಿನ ಮುಖ್ಯ ಸ್ವಿಚ್ ಆರಿಸಿ, ಗೇರನ್ನು ನ್ಯೂಟ್ರಲ್ಲಿಗೆ ಹಾಕಿ, ಚಕ್ಕನ್ನು ಕೈಯಿಂದಲೇ ತಿರುಗಿಸಬೇಕು. ಯಂತ್ರ ಓಡುತ್ತಿರುವಾಗ ಪ್ಲಂಜರನ್ನು ಜಾಬಿಗೆ ತಾಗಿಸುವುದು ಕೈಗೂ ಅಪಾಯ, ಗೇಜಿಗೂ ಅಪಾಯ.

ಎದುರುಬದುರಿನ ಎರಡು ದವಡೆಗಳನ್ನು ಒಂದು ಜೋಡಿಯೆಂದು ತಿಳಿಯಿರಿ. ಒಂದನೇ ದವಡೆ ಪ್ಲಂಜರಿನ ಎದುರು ಬಂದಾಗ ಓದಿಕೆ 0.60, ಅರ್ಧ ಸುತ್ತು ತಿರುಗಿಸಿ ಮೂರನೇ ದವಡೆ ಬಂದಾಗ 0.00 ಎಂದುಕೊಳ್ಳೋಣ. ವ್ಯತ್ಯಾಸ 0.60, ಜಾಬಿನ ನಡು ತಪ್ಪಿರುವುದು ಅದರ ಅರ್ಧ, ಅಂದರೆ 0.30 ಮಾತ್ರ. ಇಲ್ಲಿ ಪೂರ್ತಿ 0.60 ಸರಿಸಿ, ಮತ್ತೆ ಆ ಕಡೆಗೆ ಅಷ್ಟೇ ಕೆಡಿಸಿ ಗಂಟೆಗಟ್ಟಲೆ ಒದ್ದಾಡುವವರನ್ನು ಎಷ್ಟೋ ಸಲ ಕಂಡಿದ್ದೇನೆ. ಮಾಡಬೇಕಾದದ್ದು ಇಷ್ಟು: ಹೊರಬಳೆ ತಿರುಗಿಸಿ 0.30 ಇದ್ದಲ್ಲಿಗೆ ಸೊನ್ನೆ ತನ್ನಿ. ಓದಿಕೆ ಹೆಚ್ಚಿದ್ದ ಒಂದನೇ ದವಡೆಯನ್ನು ಪ್ಲಂಜರಿನ ಎದುರಿಗೆ ತಂದು, ಅದರ ಎದುರಿನ ಮೂರನೇ ದವಡೆಯನ್ನು ತುಸು ಸಡಿಲಿಸಿ. ಮುಳ್ಳು ಸೊನ್ನೆಗೆ ಇಳಿಯುವವರೆಗೆ ಒಂದನೆಯದನ್ನು ಬಿಗಿಯಿರಿ. ಆಮೇಲೆ ಎರಡನೇ ಮತ್ತು ನಾಲ್ಕನೇ ದವಡೆಗಳ ಜೋಡಿ. ಒಂದು ಜೋಡಿ ಸರಿಹೋದಾಗ ಇನ್ನೊಂದು ಸ್ವಲ್ಪ ಕದಲುತ್ತದೆ, ಆದ್ದರಿಂದ ಎರಡು ಮೂರು ಆವರ್ತನ ಬೇಕಾಗುತ್ತದೆ. ಕೊನೆಗೆ ನಾಲ್ಕನ್ನೂ ಸಮವಾಗಿ ಬಿಗಿದು, ಮತ್ತೊಮ್ಮೆ ಪೂರ್ತಿ ಸುತ್ತು ನೋಡಿ. ಉದ್ದದ ಜಾಬಾದರೆ ಗೇಜನ್ನು ಹೊರತುದಿಗೆ ಸರಿಸಿ ಅಲ್ಲಿಯೂ ನೋಡಬೇಕು, ಏಕೆಂದರೆ ಚಕ್ಕಿನ ಬಾಯಲ್ಲಿ ಸರಿಯಾಗಿರುವ ಸರಳು ತುದಿಯಲ್ಲಿ ಓಲಾಡುತ್ತಿರಬಹುದು.

ಸೆಂಟರುಗಳ ನಡುವೆ ಶಾಫ್ಟಿನ ರನ್‌ಔಟ್ ನೋಡುವ ಕ್ರಮವೂ ಇದೇ: ಒಂದು ಸುತ್ತಿನಲ್ಲಿ ಮುಳ್ಳು ತಲುಪಿದ ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಓದಿಕೆಗಳ ವ್ಯತ್ಯಾಸವೇ ರನ್‌ಔಟ್. ಈ ಸಂಖ್ಯೆಯಲ್ಲಿ ನಡು ತಪ್ಪಿದ್ದು ಎಷ್ಟು, ದುಂಡಗೆ ಇಲ್ಲದ್ದು ಎಷ್ಟು ಎಂಬುದು ಬೆರೆತೇ ಇರುತ್ತದೆ. ಮೂರು ಉಬ್ಬುಗಳಿರುವ ಆಕಾರ ಮೈಕ್ರೋಮೀಟರಿಗೆ ಎಲ್ಲ ಕಡೆಯೂ ಒಂದೇ ವ್ಯಾಸದಂತೆ ತೋರಬಹುದು. ಅದೇ ಶಾಫ್ಟನ್ನು ವಿ-ಬ್ಲಾಕಿನಲ್ಲಿಟ್ಟು (V ಆಕಾರದ ತೋಡಿರುವ ದಿಮ್ಮಿಯಲ್ಲಿಟ್ಟು) ಡಯಲಿನ ಕೆಳಗೆ ತಿರುಗಿಸಿದರೆ ಉಬ್ಬುಗಳು ಕಾಣಿಸಿಕೊಳ್ಳುತ್ತವೆ.

ಪಂಪು ಮತ್ತು ಮೋಟಾರಿನ ಶಾಫ್ಟುಗಳನ್ನು ಒಂದೇ ಸಾಲಿಗೆ ತರುವಾಗ ಕಪ್ಲಿಂಗಿನ (ಎರಡು ಶಾಫ್ಟುಗಳನ್ನು ಜೋಡಿಸುವ ಭಾಗದ) ಸುತ್ತ ಮೇಲೆ, ಕೆಳಗೆ, ಎಡ, ಬಲ ಎಂದು ನಾಲ್ಕು ಕಡೆ ಓದಿಕೆ ತೆಗೆಯುತ್ತೇವೆ. ಮೇಲಿನ ಮತ್ತು ಕೆಳಗಿನ ಓದಿಕೆಗಳ ಮೊತ್ತ ಎಡಬಲದ ಮೊತ್ತಕ್ಕೆ ಸರಿಹೊಂದಬೇಕು. ಹೊಂದದಿದ್ದರೆ ಬ್ರಾಕೆಟ್ ಜಾರಿದೆ ಅಥವಾ ಸಂಖ್ಯೆಯನ್ನು ತಪ್ಪಾಗಿ ಬರೆದಿದ್ದೇವೆ. ಬ್ರಾಕೆಟ್ ತನ್ನ ಭಾರಕ್ಕೆ ಬಾಗುವುದನ್ನೂ ಲೆಕ್ಕ ಹಿಡಿಯಬೇಕು. ಅದನ್ನು ಒಂದು ಗಟ್ಟಿ ಪೈಪಿಗೆ ಹಾಗೆಯೇ ಕಟ್ಟಿ, ಮೇಲೆ ಸೊನ್ನೆ ಮಾಡಿ, ಪೈಪನ್ನು ಅರ್ಧ ಸುತ್ತು ಉರುಳಿಸಿದಾಗ ಕೆಳಗೆ ಬರುವ ಓದಿಕೆಯೇ ಆ ಬಾಗುವಿಕೆ. ಕಪ್ಲಿಂಗಿನ ಕೆಳಗಿನ ಓದಿಕೆಯಿಂದ ಅದನ್ನು ಚಿಹ್ನೆ ಸಹಿತ ಕಳೆಯಬೇಕು.

ಲಿವರ್ ಡಯಲ್ ಮತ್ತು ಬೋರ್ ಗೇಜ್

ಇಕ್ಕಟ್ಟಾದ ರಂಧ್ರದೊಳಗೆ, ಮಿಲ್ಲಿಂಗ್ ಯಂತ್ರದ ವೈಸಿನ ದವಡೆಯ ಮೇಲೆ ಪ್ಲಂಜರ್ ಗೇಜು ಹೋಗುವುದಿಲ್ಲ. ಅಲ್ಲಿ ಪುಟ್ಟ ಲಿವರ್ ಮಾದರಿಯದ್ದು ಬೇಕು. ಅದರ ಓಟ ಸಾಮಾನ್ಯವಾಗಿ 0.8 ಮಿ.ಮೀ. ಮಾತ್ರ, ಒತ್ತಡವೂ ತುಂಬ ಕಡಿಮೆ. ವೈಸನ್ನು ಹೊಂದಿಸುವಾಗ ಒಂದು ಬೋಲ್ಟನ್ನು ಬಿಗಿಯಾಗಿಯೂ ಇನ್ನೊಂದನ್ನು ಸಡಿಲವಾಗಿಯೂ ಇಟ್ಟು, ಬಿಗಿಯಿರುವ ಕಡೆಯ ದವಡೆಯ ತುದಿಯಲ್ಲಿ ಸೊನ್ನೆ ಮಾಡಿ, ಟೇಬಲನ್ನು ಸರಿಸಿ ಇನ್ನೊಂದು ತುದಿಗೆ ಬಂದು, ಮೆದು ಸುತ್ತಿಗೆಯಿಂದ ತಟ್ಟುತ್ತ ಅಲ್ಲಿಯೂ ಸೊನ್ನೆಗೆ ತರುವುದು ರೂಢಿ.

ಲಿವರ್ ಗೇಜಿನಲ್ಲಿ ಎಚ್ಚರ ಬೇಕಾದದ್ದು ಕಡ್ಡಿಯ ಕೋನದ ಬಗ್ಗೆ. ಕಡ್ಡಿ ಮೇಲ್ಮೈಗೆ ಬಹುತೇಕ ಸಮಾನಾಂತರವಾಗಿ ಮಲಗಿರಬೇಕು. ಅದು ಎದ್ದು ನಿಂತಷ್ಟೂ ಓದಿಕೆ ನಿಜಕ್ಕಿಂತ ಹೆಚ್ಚಾಗುತ್ತದೆ: 30 ಡಿಗ್ರಿಯಲ್ಲಿ ಓದಿಕೆಯನ್ನು ಸುಮಾರು 0.87ರಿಂದ, 60 ಡಿಗ್ರಿಯಲ್ಲಿ 0.5ರಿಂದ ಗುಣಿಸಿದರೆ ಮಾತ್ರ ನಿಜವಾದ ಚಲನೆ ಸಿಗುತ್ತದೆ. ಎರಡೂ ಬದಿಯನ್ನು ಸೊನ್ನೆಗೆ ತರುವ ಕೆಲಸಕ್ಕೆ ಇದರಿಂದ ತೊಂದರೆಯಿಲ್ಲ, ಸಂಖ್ಯೆಯನ್ನು ಬರೆದುಕೊಳ್ಳಬೇಕಾದಾಗ ತೊಂದರೆ. ಮುರಿದ ಕಡ್ಡಿಯ ಬದಲಿಗೆ ಬೇರೆ ಉದ್ದದ್ದನ್ನು ಹಾಕಿದರೂ ಗೇಜಿನ ಹಿಗ್ಗುವಿಕೆಯ ಲೆಕ್ಕವೇ ಕೆಡುತ್ತದೆ. ಆ ಮಾದರಿಗೆ ನಿಗದಿಯಾದ ಉದ್ದದ ಕಡ್ಡಿಯನ್ನೇ ತರಿಸಿ ಹಾಕಬೇಕು.

ರಂಧ್ರದ ಒಳವ್ಯಾಸ ನೋಡುವ ಬೋರ್ ಗೇಜಿನಲ್ಲಿ ಇದೇ ಡಯಲನ್ನು ಉದ್ದನೆಯ ಹಿಡಿಯ ತುದಿಗೆ ಕೂರಿಸಿರುತ್ತಾರೆ. ರಿಂಗ್ ಗೇಜಿನಲ್ಲಿ (ಒಳವ್ಯಾಸ ನಿಖರವಾಗಿ ಗೊತ್ತಿರುವ ಉಂಗುರದಲ್ಲಿ) ಸೊನ್ನೆ ಮಾಡಿಕೊಂಡು, ಸಿಲಿಂಡರಿನೊಳಗೆ ಇಳಿಸಿ, ಹಿಡಿಯನ್ನು ಮುಂದಕ್ಕೂ ಹಿಂದಕ್ಕೂ ಮೆಲ್ಲಗೆ ತೂಗಬೇಕು. ಗೇಜು ಓರೆಯಾದಾಗ ಎರಡು ತುದಿಗಳ ನಡುವಿನ ಅಂತರ ಹೆಚ್ಚು, ನೆಟ್ಟಗಾದಾಗ ಅತಿ ಕಡಿಮೆ. ಮುಳ್ಳು ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗಿ ಎಲ್ಲಿ ಹಿಂದಿರುಗುತ್ತದೆಯೋ ಅದೇ ವ್ಯಾಸದ ಓದಿಕೆ. ಸೊನ್ನೆಯನ್ನು ದಾಟಿ ಹಿಂದಿರುಗಿದರೆ ರಂಧ್ರ ರಿಂಗಿಗಿಂತ ಚಿಕ್ಕದು, ಸೊನ್ನೆಯನ್ನು ಮುಟ್ಟುವ ಮೊದಲೇ ಹಿಂದಿರುಗಿದರೆ ದೊಡ್ಡದು. ಹೊಸಬರು ಇದನ್ನು ತಿರುವುಮುರುವಾಗಿ ಓದಿ, ಇನ್ನೂ ಕೊರೆಯಬೇಕಾದ ಬೋರನ್ನು ಮುಗಿಯಿತೆಂದು ಬಿಡುವುದುಂಟು, ಮುಗಿದದ್ದನ್ನು ಮತ್ತೆ ಕೊರೆದು ಹಾಳು ಮಾಡುವುದೂ ಉಂಟು.

ಪಾಲನೆ

ಪ್ಲಂಜರಿಗೆ ಎಣ್ಣೆ ಹಾಕಬೇಡಿ. ತಡೆದು ಚಲಿಸುವ ಪ್ಲಂಜರನ್ನು ಕಂಡಾಗ ಕೈ ಎಣ್ಣೆಯ ಡಬ್ಬಿಗೆ ಹೋಗುವುದು ಸಹಜ. ಎರಡು ದಿನ ಅದು ಸರಾಗವಾಗಿ ಓಡುತ್ತದೆ, ಆಮೇಲೆ ಎಣ್ಣೆ ಧೂಳನ್ನೂ ಗ್ರೈಂಡಿಂಗಿನ ಪುಡಿಯನ್ನೂ ಹಿಡಿದು ಅಂಟಿನಂತಾಗುತ್ತದೆ. ಒಣ ಬಟ್ಟೆ, ಅದೂ ಸಾಲದಿದ್ದರೆ ಆಲ್ಕೋಹಾಲಿನಲ್ಲಿ ತುಸು ನೆನೆಸಿದ ಬಟ್ಟೆ ಸಾಕು. ಪ್ಲಂಜರನ್ನು ಮೇಲಕ್ಕೆ ಒತ್ತಿ ಪಟ್ಟನೆ ಬಿಟ್ಟು ಆಟವಾಡಬಾರದು. ಆ ಹೊಡೆತ ಬೀಳುವುದು ಅದೇ 16 ಹಲ್ಲಿನ ಪುಟ್ಟ ಪಿನಿಯನ್ನಿನ ಮೇಲೆ. ತುದಿಯ ಗುಂಡನ್ನು ಆಗಾಗ ಭೂತಗನ್ನಡಿಯಿಂದ ನೋಡಿ, ಚಪ್ಪಟೆಯಾಗಿ ಸವೆದಿದ್ದರೆ ಬದಲಿಸಿ. ಹೆಚ್ಚಿನ ಗೇಜುಗಳಲ್ಲಿ ಅದನ್ನು 2.5 ಮಿ.ಮೀ. ತಿರುಪಿನಿಂದ ಕೂರಿಸಿರುವುದರಿಂದ ಸುಲಭವಾಗಿ ಬಿಚ್ಚಬಹುದು, ಬಿಚ್ಚುವಾಗ ಪ್ಲಂಜರನ್ನು ತಿರುಗದಂತೆ ಹಿಡಿದುಕೊಳ್ಳಬೇಕು.

ಕ್ಯಾಲಿಬ್ರೇಷನ್ನಿಗೆ ಕಳುಹಿಸುವ ನಡುವಿನ ಅವಧಿಯಲ್ಲಿ ನಾವೇ ಮಾಡಬಹುದಾದ ಪರೀಕ್ಷೆಯೊಂದಿದೆ. ಗೇಜನ್ನು ಗಟ್ಟಿ ಸ್ಟ್ಯಾಂಡಿಗೆ ಬಿಗಿದು, ಅದರ ಅಡಿಯಲ್ಲಿ 1.00, 1.10, 1.20 ಎಂದು 1.40ರವರೆಗೆ ಸ್ಲಿಪ್ಪುಗಳನ್ನು ಒಂದೊಂದಾಗಿ ಇಟ್ಟು ಓದಿಕೆಗಳನ್ನು ಬರೆದುಕೊಳ್ಳಿ. ಮುಳ್ಳನ್ನು ಎದುರಿನಿಂದ ನೇರವಾಗಿ ನೋಡಿ, ಪಕ್ಕದಿಂದ ನೋಡಿದರೆ ಅರ್ಧ ಗೆರೆ ತಪ್ಪುತ್ತದೆ. ಬಳಿಕ ಅದೇ ಸ್ಲಿಪ್ಪುಗಳನ್ನು ಹಿಮ್ಮುಖವಾಗಿ, 1.40ರಿಂದ 1.00ಕ್ಕೆ ಇಳಿಸುತ್ತ ಬನ್ನಿ. ಈ ಸಲ ಪ್ಲಂಜರನ್ನು ಪ್ರತಿ ಬಾರಿಯೂ ಅಗತ್ಯವಿರುವಷ್ಟು ಮಾತ್ರ ಎತ್ತಬೇಕು. ಎರಡೂ ಸಾಲಿನ ಸಂಖ್ಯೆಗಳು ಅರ್ಧ ಗೆರೆಯೊಳಗೆ ಹೊಂದಿಕೊಂಡರೆ ಗೇಜು ಕೆಲಸಕ್ಕೆ ಯೋಗ್ಯ. ಒಂದೇ ಜಾಗದಲ್ಲಿ ಮಾತ್ರ ತಪ್ಪು ಮತ್ತೆ ಮತ್ತೆ ಕಂಡರೆ ಆ ಜಾಗದ ಹಲ್ಲು ಪೆಟ್ಟು ತಿಂದಿರಬಹುದು. ಎಲ್ಲೆಡೆಯೂ ಮುಳ್ಳು ಸೋಮಾರಿಯಂತೆ ಹಿಂದುಳಿದರೆ ಹೇರ್‌ಸ್ಪ್ರಿಂಗನ್ನು ಅನುಮಾನಿಸಬೇಕು. ಈ ಎರಡರಲ್ಲಿ ಯಾವ ದೋಷ ಕಂಡರೂ ಗೇಜಿಗೆ ಕೆಂಪು ಚೀಟಿ ಕಟ್ಟಿ, ಬೇರೆಯವರ ಕೈಗೆ ಸಿಗದಂತೆ ಪೆಟ್ಟಿಗೆಯಲ್ಲಿಟ್ಟು, ದುರಸ್ತಿಗೆ ಕಳುಹಿಸಿ.